ಇದಲ್ಲ

ಅಪ್ಪನ ಹೆಸರು ಎನೆಬಿಶ್.
ನಮ್ಮ ಮಂಗೋಲ್ ಮಾತಿನಲ್ಲಿ ಹಾಗೆಂದರೆ: ಇದಲ್ಲ.
ಅವನಿಗಿಂತ ಮೊದಲು ಹುಟ್ಟಿದ ಮೂರೂ ತೊಟ್ಟಿಲಲ್ಲೇ ಹೋದವು.
ನಾಲ್ಕನೆಯದಕ್ಕೆ ಅಜ್ಜಿ ಆ ಹೆಸರಿಟ್ಟಳು.
ಸಾವು ಬಾಗಿಲಿಗೆ ಬಂದು, ನಾನು ಹುಡುಕುತ್ತಿರುವುದು ಇದನ್ನೇ, ಎಂದು ಕೇಳಿದರೆ
ಹೆಸರೇ ಉತ್ತರ ಕೊಡಲಿ ಅಂತ.
ಸಾವು ನಂಬಿತು.
ಅಪ್ಪನಿಗೀಗ ಅರವತ್ತೊಂದು.

ಜೀಪು ಅವನಿಗಿಂತ ಎರಡು ವರ್ಷ ದೊಡ್ಡದು.
ರಷ್ಯದಿಂದ ಬಂದದ್ದು. 'ಅರವತ್ತೊಂಬತ್ತು' ಅನ್ನುತ್ತಾರೆ ಎಲ್ಲರೂ,
ಅದು ಇಸವಿಯಲ್ಲ, ಕಾರ್ಖಾನೆ ಕೊಟ್ಟ ಸಂಖ್ಯೆ.
ಮೊದಮೊದಲು ಸಹಕಾರ ಸಂಘದ ಪಶುವೈದ್ಯರನ್ನು ಹೊತ್ತಿತ್ತು,
ಆಮೇಲೆ ಉಣ್ಣೆ, ಆಮೇಲೆ ಕುರಿ, ಆಮೇಲೆ ನನ್ನನ್ನು,
ಹುಟ್ಟಿ ನಾಲ್ಕು ದಿನವಾಗಿದ್ದವಳನ್ನು, ನರಿತುಪ್ಪಳದ ಟೋಪಿಯೊಳಗಿಟ್ಟು.
ಅದರ ಬಾಗಿಲು ಮುಚ್ಚಲು ಒದೆಯಬೇಕು,
ತೆರೆಯಲು ಬೇಡಿಕೊಳ್ಳಬೇಕು.

ನನಗೆ ಹತ್ತು ತುಂಬಿದ ವರ್ಷ, ಚಳಿಗೆ ಮುನ್ನ, ಅದಕ್ಕೊಂದು ರೋಗ ತಗುಲಿತು.
ಎರಡು ಗುಡ್ಡ ಓಡುವುದು, ಕೆಮ್ಮುವುದು, ನಿಲ್ಲುವುದು.
ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟರೆ
ಏನೂ ಆಗದವರ ಹಾಗೆ ಮತ್ತೆ ಹೊರಡುವುದು.
ತೇಸ್ ನದಿಯ ಅಂಚಿನಲ್ಲಿ ಆಗಲೇ ಗಾಜಿನ ಕೆನೆ ಕಟ್ಟಿತ್ತು.
ಗುಡಾರ ಕಿತ್ತು ಚಳಿಗಾಲದ ಠಾವಿಗೆ ಹೋಗಲು
ಹೆಚ್ಚೆಂದರೆ ಹನ್ನೊಂದು ದಿನ.

ಗುಡಾರದ ಪಕ್ಕ, ಗಾಳಿಗೆ ಮರೆಯಾಗಿ, ಅಪ್ಪ ಬಾನೆಟ್ ಎತ್ತಿದ.
ನನಗೆ ಟಾರ್ಚು ಹಿಡಿಯುವ ಕೆಲಸ.
ಅಪ್ಪನಿಗೆ ಸರಿಯೆನಿಸುವ ಹಾಗೆ ಟಾರ್ಚು ಹಿಡಿಯುವ ಮಗು
ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.
'ಅಲ್ಲಿ ಬಿಡು. ಅಲ್ಲಲ್ಲ. ನನ್ನ ಕಣ್ಣಿಗಲ್ಲ ಕಣೇ, ಅಲ್ಲಿ.'

ಪ್ಲಗ್ಗು ಬಿಚ್ಚಿದ, ನಾಲ್ಕನ್ನೂ. ಹಾಲುಚಹದ ಬಣ್ಣ, ರೋಗವಿಲ್ಲದ ನಾಲಗೆಗಳು.
ಇದಲ್ಲ.
ಕಾಯಿಲ್ ಮೇಲೆ ಅಂಗೈಯಿಟ್ಟ, ಮಗುವಿನ ಜ್ವರ ನೋಡುವ ಹಾಗೆ.
ಇದಲ್ಲ.
ಪಾಯಿಂಟು ಉಜ್ಜಿದ, ಅಕ್ಕ ಪಟ್ಟಣದಿಂದ ತಂದಿದ್ದ ಉಗುರಿನ ಅರದಲ್ಲಿ
(ಅವಳಿಗಿದು ಇವತ್ತಿಗೂ ಗೊತ್ತಿಲ್ಲ).
ಇದಲ್ಲ.
ಕಾರ್ಬುರೇಟರ್ ಕಳಚಿ ಕುರಿಚರ್ಮದ ಮೇಲೆ ಹರವಿದ.
ಜೆಟ್ಟನ್ನು ಕಣ್ಣಿಗೆ ಹಿಡಿದು ಅದರ ತೂತಿನಲ್ಲಿ ಆಕಾಶ ನೋಡಿದ.
ಆಕಾಶದಲ್ಲೇನೂ ಕಸವಿರಲಿಲ್ಲ.
ಹರಿದ ಗ್ಯಾಸ್ಕೆಟ್ಟಿನ ಜಾಗಕ್ಕೆ
ಚಹದ ಇಟ್ಟಿಗೆ ಸುತ್ತಿದ್ದ ದಪ್ಪ ಕಾಗದ ಕತ್ತರಿಸಿ ಕೂರಿಸಿದ.
ಎರಡು ಗುಡ್ಡ. ಕೆಮ್ಮು. ನಿಂತಿತು.
ಇದೂ ಅಲ್ಲ.

ತನ್ನ ಹೆಸರನ್ನು ತಾನೇ ಅಷ್ಟು ಸಲ ಕೂಗಿಕೊಂಡವನನ್ನು
ನಾನು ಬೇರೆ ಕಂಡಿಲ್ಲ.

ಲುವ್ಸಂದೋರ್ಜ್ ಬಂದ, ತನ್ನ ಬಿಳಿ ಜಪಾನಿ ಗಾಡಿಯಲ್ಲಿ.
ನಮ್ಮ ಮಡ್‌ಗಾರ್ಡಿಗೆ ಬೂಟಿನ ತುದಿ ತಾಗಿಸಿ,
'ನನ್ನದಕ್ಕೆ ಕಟ್ಟಿ ಎಳೆದರಾಯಿತು' ಅಂದ.
ಒಳ್ಳೆಯ ಮನಸ್ಸಿನಿಂದಲೇ ಅಂದ. ಅದೇ ಕಷ್ಟ.
ಅಪ್ಪ ಅವನ ಬಟ್ಟಲಿಗೆ ಚಹಾ ಸುರಿದ, ತುಳುಕುವ ತನಕ.

ಆರನೆಯ ದಿನ ಪೆಟ್ರೋಲು ತುಂಬಲು ನನ್ನನ್ನು ಕಳಿಸಿದ.
ಆಗತಾನೇ ಕೆಮ್ಮಿ ನಿಂತಿತ್ತು ಗಾಡಿ.
ಮುಚ್ಚಳ ತಿರುಗಿಸಿದೆ.
ನೀರಿನಡಿಯಿಂದ ಎದ್ದವರು ಎಳೆದುಕೊಳ್ಳುವಂಥ ಒಂದು ಉಸಿರು.
'ಅಪ್ಪಾ, ಟ್ಯಾಂಕು ಉಸಿರೆಳೀತು.'

ಬಂದ. ಮುಚ್ಚಿದ. ಎಂಜಿನ್ ಸಾಯುವವರೆಗೂ ಓಡಿಸಿದ.
ಕಿವಿಯಿಟ್ಟು, ಮುಚ್ಚಳ ತೆಗೆದ.
ಮುಚ್ಚಳದಲ್ಲೊಂದು ಸಾಸಿವೆ ಗಾತ್ರದ ರಂಧ್ರ,
ಅದರ ತುಂಬ ಧೂಳು, ಕುರಿಕೊಬ್ಬಿನ ಜಿಡ್ಡು.
ಎಂಜಿನ್ನು ಹೀರುತ್ತಿತ್ತು, ಹೀರಿದ್ದರ ಜಾಗಕ್ಕೆ
ಗಾಳಿ ಬರಲು ದಾರಿ ಇರಲಿಲ್ಲ.
ಅಮ್ಮ ಬೂಟು ಹೊಲಿಯುವ ಸೂಜಿ ತಂದುಕೊಟ್ಟಳು.
ಒಂದೇ ಚುಚ್ಚು.

'ಇದೇ' ಅಂದ ಅಪ್ಪ.
ಅಂದವನೇ ಬೆಚ್ಚಿ ಸುತ್ತ ನೋಡಿದ,
ಬಯಲಲ್ಲಿ ಯಾರೋ ಕೇಳಿಸಿಕೊಂಡರೇನೋ ಎಂಬಂತೆ.
ಬಾನೆಟ್ಟಿನ ಮೇಲೆ ದಬದಬ ಬಡಿದು
ಬೆಟ್ಟಕ್ಕೂ ಕೇಳುವಂತೆ ಕೂಗಿದ:
'ಎನೆಬಿಶ್! ಇದರ ಹೆಸರು ಎನೆಬಿಶ್!'

ಹೊರಟ ದಿನ ಗುಡಾರ, ಒಲೆ, ಪೆಟ್ಟಿಗೆ, ಕುಂಟುವ ಕುರಿಯೊಂದು,
ಎಲ್ಲದರ ಮೇಲೆ ನಾನು.
ಅಮ್ಮ ಸೌಟಿನಿಂದ ಚಕ್ರಗಳಿಗೆ ಹಾಲು ಚಿಮುಕಿಸಿದಳು.
ನಾವಿದ್ದ ಜಾಗದಲ್ಲಿ ಹಳದಿ ಹುಲ್ಲಿನ ದುಂಡು ಗುರುತು,
ಅದರ ಪಕ್ಕ ತಟ್ಟೆಯಗಲದ ಎಣ್ಣೆ.
'ಅದು ರೋಗವಲ್ಲ,' ಅಂದ ಅಪ್ಪ, 'ಅದರ ಸ್ವಭಾವ.'